ಎತ್ತರವಾದ ಜಿಮ್ನಿ, ಓರೆಯಾದ ಸ್ಟೀರಿಂಗ್

ಸಕಲೇಶಪುರದ ಕಡೆ ಎಸ್ಟೇಟ್ ಹುಡುಗರಿಗೆ ಹೊಸ ಮಾರುತಿ ಜಿಮ್ನಿ ಮನೆಗೆ ಬಂದ ಸ್ವಲ್ಪ ದಿನಕ್ಕೇ ಕುಳ್ಳಗೆ ಕಾಣತೊಡಗುತ್ತದೆ. ಎರಡಿಂಚು ಲಿಫ್ಟ್ ಕಿಟ್ ಹಾಕಿಸುತ್ತಾರೆ. ಆಮೇಲೆ ನೋಡಿ ತಮಾಷೆ: ಗಾಡಿ ನೇರ ಹೋಗುತ್ತಿರುತ್ತದೆ, ಸ್ಟೀರಿಂಗ್ ಮಾತ್ರ ಮದುವೆ ಫೋಟೋದಲ್ಲಿ ಮುನಿಸಿಕೊಂಡ ಸೋದರಮಾವನ ಹಾಗೆ ಓರೆಯಾಗಿ ಕೂತಿರುತ್ತದೆ!

ಪುಕ್ಕಟೆ ಪಂಡಿತರಿಗೇನು ಬರವೇ? "ಸ್ಟೀರಿಂಗ್ ಬಿಚ್ಚಿ ನೆಟ್ಟಗೆ ಕೂರಿಸಿಬಿಡಿ ಸಾರ್!" ಅನ್ನುತ್ತಾರೆ. ಹಾಗೆ ಮಾಡಿದರೆ ನೋಟ ನೆಟ್ಟಗಾಗುತ್ತದೆ. ಸ್ಟೀರಿಂಗ್ ಬಾಕ್ಸಿನ ನಡು ತಪ್ಪಿಯೇ ಇರುತ್ತದೆ. ಒಂದು ಕಡೆಗೆ ಜಾಸ್ತಿ, ಇನ್ನೊಂದು ಕಡೆಗೆ ಕಮ್ಮಿ ತಿರುಗುತ್ತದೆ.

ಜಿಮ್ನಿಗೆ ಹಿಂದೂ ಮುಂದೂ ಒಂದೇ ತುಂಡಿನ ಸಾಲಿಡ್ ಆಕ್ಸಲ್. ಬಾಡಿ ಮೇಲೇರಿದಾಗ, ಅದನ್ನು ಆಕ್ಸಲಿಗೆ ಅಡ್ಡಲಾಗಿ ಕಟ್ಟುವ ಪ್ಯಾನ್‌ಹಾರ್ಡ್ ರಾಡ್ ಆಕ್ಸಲನ್ನು ಪಕ್ಕಕ್ಕೆ ಸರಿಸುತ್ತದೆ, ಸ್ಟೀರಿಂಗ್ ಬಾಕ್ಸನ್ನು ಚಕ್ರಕ್ಕೆ ಜೋಡಿಸುವ ಡ್ರ್ಯಾಗ್ ಲಿಂಕಿನ ಇಳಿಜಾರು ಹೆಚ್ಚುತ್ತದೆ. ಸ್ಟೀರಿಂಗ್ ಓರೆಯಾಗುವುದು ಇದರಿಂದಲೇ. ಆದ್ದರಿಂದ ಮೊದಲು ಉದ್ದ ಬದಲಿಸಬಹುದಾದ ಪ್ಯಾನ್‌ಹಾರ್ಡ್ ರಾಡ್ ಹಾಕಿ ಆಕ್ಸಲನ್ನು ನಡುವಿಗೆ ತನ್ನಿ. ಆಮೇಲೆ ಡ್ರ್ಯಾಗ್ ಲಿಂಕಿನ ಲಾಕ್ ನಟ್ ಸಡಿಲಿಸಿ, ಉದ್ದ ಹೊಂದಿಸಿ, ಸ್ಟೀರಿಂಗ್ ನೆಟ್ಟಗಾದ ಮೇಲೆ ಬಿಗಿಯಿರಿ. ಹೈವೇಯಲ್ಲಿ ಗಾಡಿ ಅತ್ತಿತ್ತ ಅಲೆದರೆ ಕ್ಯಾಸ್ಟರ್ ಕೋನ ಕಮ್ಮಿಯಾಗಿರುತ್ತದೆ. ಅದಕ್ಕೆ ಬೇರೆ ಬುಷ್‌ಗಳಿವೆ. ಕೊನೆಗೆ ಮುಂದಿನ ಚಕ್ರಗಳ ಟೋ ನೋಡಿಸಿ, ಸ್ಟೀರಿಂಗ್ ಸೆನ್ಸರನ್ನೂ ಸೊನ್ನೆಗೆ ತರಿಸಿ. ಇಲ್ಲದಿದ್ದರೆ ಇಎಸ್‌ಪಿ ದೀಪ ಹಬ್ಬ ಆಚರಿಸೀತು.

ಇಷ್ಟೆಲ್ಲ ಮಾಡಿಸುವ ಮುನ್ನ ಗಾಡಿಯ ಮಾರ್ಪಾಡಿನ ಬಗ್ಗೆ ಇರುವ ಮೋಟಾರು ವಾಹನ ಕಾಯ್ದೆಯ 52ನೇ ಕಲಂ ಓದಿಕೊಳ್ಳಿ. ಎತ್ತರದ ಗಾಡಿ ಆರ್‌ಟಿಒ ಸಾಹೇಬರಿಗೆ ದೂರದಿಂದಲೇ ಕಾಣುತ್ತದೆ!