ಎರಡು ರಿಮೋಟಿನ ಕಾಕಾ

ಊರಿಗೊಬ್ಬ ಇರುತ್ತಾನೆ. ಹರ್ತಿಯಲ್ಲೂ ಇದ್ದಾನೆ. ಗದಗಿನ ಬಸ್ಸಿನಿಂದಿಳಿದು 'ಕಾರ್ ಕಾಕಾನ ಮನಿ ಎಲ್ಲೈತ್ರಿ?' ಅಂತ ಮೊನ್ನೆಮೊನ್ನೆಯವರೆಗೂ ಯಾರನ್ನೂ ಕೇಳಬೇಕಾಗಿರಲಿಲ್ಲ. ಚಹಾದಂಗಡಿ ಮುಂದೆ ಒಂದಿಷ್ಟು ಹೊತ್ತು ನಿಂತರೆ ಸಾಕಿತ್ತು, ಮನೆಯೇ ಒದರಿ ದಿಕ್ಕು ಹೇಳುತ್ತಿತ್ತು. ಅವನ ಹೆಸರು ಇಲ್ಲಿ ಬೇಡ. ಹಾಕಿದರೆ ಮುಳಗುಂದದಲ್ಲೊಬ್ಬ, ಶಿರಹಟ್ಟಿಯಲ್ಲೊಬ್ಬ, ಮುಂಡರಗಿಯಲ್ಲಿಬ್ಬರು 'ಇದು ನನ್ನ ಕಥಿ, ನನ್ನ ಹೆಸರ ಯಾಕ ಬಿಟ್ಟೀರಿ' ಅಂತ ಜಗಳಕ್ಕೆ ಬರುತ್ತಾರೆ.

ಕಾಕಾ ಅಂದರೆ ಐವತ್ತು ದಾಟಿದ, ಬಿಳಿ ನೆಹರೂ ಅಂಗಿಯ, ಎರಡೂ ಕಿಸೆ ಉಬ್ಬಿದ ಮನುಷ್ಯ. ಬಲಗಡೆ ಕಿಸೆಯಲ್ಲಿ ಕಂಪನಿ ರಿಮೋಟು, ಎಡಗಡೆ ಕಿಸೆಯಲ್ಲಿ ಅಲಾರಾಮಿನ ರಿಮೋಟು. ಹಿಂದೆ ಎಡಗಡೆ ಅಡಕೆ-ಎಲೆಯ ಚಂಚಿ ಇರುತ್ತಿತ್ತು. ಅದು ಈಗ ಜಾಗ ಕಳೆದುಕೊಂಡು ಚಿಗವ್ವನ ಸುಪರ್ದಿಗೆ ಹೋಗಿದೆ. ಕಾಕಾ ಎಲೆ ಹಾಕುವುದು ಕಡಿಮೆಯಾದದ್ದು ಹೀಗೆ. ಅಲಾರಾಮಿನಿಂದ ಆ ಮನೆಗೆ ಆದ ಲಾಭ ಅಂತ ಹೇಳುವುದಾದರೆ ಇದೊಂದೇ.

ಒಂದು ವರ್ಷ ಉಳ್ಳಾಗಡ್ಡಿಗೆ ರೇಟು ಸಿಕ್ಕಿತು. ಆ ರೊಕ್ಕ ಬೋರಿಗೆ ಹೋಗಬೇಕಿತ್ತು, ಸೊಸೈಟಿ ಸಾಲಕ್ಕೆ ಹೋಗಬೇಕಿತ್ತು. ಹುಬ್ಬಳ್ಳಿಗೆ ಹೋಯಿತು. ಹೋದದ್ದು ಬರುವಾಗ 2008ರ ಸ್ವಿಫ್ಟ್ ಆಗಿ ಬಂತು. 15 ವರ್ಷದ ಆರ್‌ಸಿ ಮುಗಿದು ಮತ್ತೆ 5 ವರ್ಷಕ್ಕೆ ಮುದ್ರೆ ಒತ್ತಿಸಿಕೊಂಡಿದ್ದ ಗಾಡಿ. ಮಾಲೀಕರು ಎಷ್ಟು ಬದಲಾಗಿದ್ದರೆಂದು ಗಾಡಿಯ ಸೀಟಿಗಷ್ಟೇ ಗೊತ್ತು. ಆದರೂ ಕಾಕಾ ಅದಕ್ಕೆ 'ಹೊಸ ಗಾಡಿ' ಅನ್ನುತ್ತಾನೆ. ಊರಿನವರೂ ಅನ್ನುತ್ತಾರೆ, ಕಾಕಾ ಎದುರಿಗಿದ್ದರೆ.

ಆ ಗಾಡಿಗೆ ಕಂಪನಿಯಿಂದಲೇ ಬಂದ ರಿಮೋಟ್ ಇತ್ತು. ಗುಂಡಿ ಒತ್ತಿದರೆ ಬಾಗಿಲೆಲ್ಲ ಒಮ್ಮೆಲೇ 'ಟಕ್' ಅಂತ ಬೀಳುತ್ತವೆ, ಇಂಡಿಕೇಟರ್ ಮಿಣಕ್ ಅನ್ನುತ್ತದೆ. ಮುಗಿಯಿತು. ಅಷ್ಟೇ ಅಲ್ಲ, ಕೀಲಿಕೈಯ ತಲೆಯೊಳಗೆ ಜೋಳದ ಕಾಳಿನಷ್ಟು ಒಂದು ಚಿಪ್ಪು ಇತ್ತು. ಅದು ತನ್ನ ಗುರುತು ಹೇಳದಿದ್ದರೆ ಎಂಜಿನ್ ಚಾಲೂ ಆಗುವುದೇ ಇಲ್ಲ. ವೈರು ಕತ್ತರಿಸಿ ಜೋಡಿಸಿ ಗಾಡಿ ಒಯ್ಯುವ ಸಿನಿಮಾ ಕಳ್ಳ ಇದರ ಮುಂದೆ ಬೆವರು ಒರೆಸಿಕೊಂಡು ವಾಪಸು ಹೋಗಬೇಕು. ಅಂದರೆ ಕಳ್ಳನ ಬಂದೋಬಸ್ತು ಕಂಪನಿಯವರು ಆಗಲೇ ಮಾಡಿಟ್ಟಿದ್ದರು. ಅವರು ಮಾಡದೇ ಬಿಟ್ಟದ್ದು ಸಪ್ಪಳ ಒಂದನ್ನೇ.

ಅದೇ ಕಾಕಾನಿಗೆ ಚುಚ್ಚಿದ್ದು. ಗಾಡಿ ತಂದು ಮನೆ ಮುಂದೆ ನಿಲ್ಲಿಸಿ, ಚಹಾದಂಗಡಿಯವರೆಗೂ ನಡೆದು ಬಂದು, ಅಲ್ಲಿಂದ ಗುಂಡಿ ಒತ್ತಿದ. ಗಾಡಿ ತನ್ನ ಪಾಡಿಗೆ ಟಕ್ ಅಂತು. ಅಂಗಡಿಯಲ್ಲಿದ್ದ ಒಬ್ಬನೂ ತಿರುಗಿ ನೋಡಲಿಲ್ಲ. ಮತ್ತೆ ಒತ್ತಿದ, ತೆರೆಯಿತು. ಮತ್ತೆ ಒತ್ತಿದ, ಮುಚ್ಚಿತು. 'ಏನ ಕಾಕಾ, ಕೈ ನಡಗಾಕತ್ತಾವೇನು?' ಅಂತ ಯಾರೋ ಕೇಳಿದರು. ಅದೇ ವಾರ ಬೆಂಗಳೂರಿನ ಬೀಗರ ಕಾರು ಬಂದು ಎದುರುಮನೆ ಮುಂದೆ ನಿಂತು 'ಕೀಂವ್ ಕೀಂವ್' ಅಂದಾಗ ಓಣಿಯ ಹುಡುಗರೆಲ್ಲ ಓಡಿಹೋಗಿ ನಿಂತರು. ಕಾಕಾ ಆ ರಾತ್ರಿ ಊಟ ಸರಿ ಮಾಡಲಿಲ್ಲವೆಂದು ಚಿಗವ್ವ ಹೇಳುತ್ತಾಳೆ.

ದೂರ ನಿಂತು ಗುಂಡಿ ಒತ್ತಿ ಬಾಗಿಲು ತೆಗೆಯುವ ಈ ವಿದ್ಯೆ ಕಾರಿಗೆ ಬಂದದ್ದು 1982ರಲ್ಲಿ, ಫ್ರಾನ್ಸಿನ ರೆನೋ ಫ್ಯೂಯೆಗೊ ಎಂಬ ಗಾಡಿಯಲ್ಲಿ. ನಮ್ಮ ಕಡೆ ಆಗ ಮನೆಗೆ ಕೀಲಿ ಹಾಕುವುದೇ ಇಡೀ ಮನೆಮಂದಿ ಚಕ್ಕಡಿ ಹೂಡಿಕೊಂಡು ಜಾತ್ರೆಗೆ ಹೋದಾಗ. ಆಗಲೂ ಕೀಲಿಕೈ ಬಾಗಿಲ ಪಕ್ಕದ ಮಾಡದಲ್ಲೇ ಇರುತ್ತಿತ್ತು, ಅದು ಅಲ್ಲಿದೆಯೆಂದು ಓಣಿಗೆಲ್ಲ ಗೊತ್ತಿರುತ್ತಿತ್ತು. ಇದೇ ಊರಿನ ಪಾರ್ವತಿ-ಪರಮೇಶ್ವರ ಗುಡಿಯಲ್ಲಿ ಚಾಲುಕ್ಯರ ಕಾಲದ ಕೆತ್ತನೆ ಇದೆ. ನೂರಾರು ವರ್ಷದಿಂದ ಆ ಕಲ್ಲುಗಳು ಒಂದು ಸೈರನ್ನೂ ಇಲ್ಲದೆ ಇದ್ದಲ್ಲೇ ಇವೆ. ಈ ಮಾತನ್ನು ಕಾಕಾನ ಮುಂದೆ ಎತ್ತಿದರೆ, 'ಅದಕ್ಕ ಗಾಲಿ ಇಲ್ಲಲ್ಲೋ' ಅನ್ನುತ್ತಾನೆ. ಅದೂ ಖರೇ.

ಕಡೆಗೆ ಕಾಕಾ ಗಾಡಿಗೆ ಒಂದು ಅಲಾರಾಂ ಕೊಂಡ. ಗದಗಿನಲ್ಲಿ ಅದರ ಫಿಟ್ಟಿಂಗ್ ಆಯಿತು. ಫಿಟರ್ ಹುಡುಗ ಶಾಣ್ಯಾ. ಡಬ್ಬಿ ಬಿಚ್ಚಿ ಸಾಮಾನು ಹರವಿದ: ಒಂದು ಸೈರನ್, ಒಂದು ಕರೀ ಪೆಟ್ಟಿಗೆ, ಗುದ್ದಿದರೆ ತಿಳಿಯುವ ಸೆನ್ಸರ್, ಡ್ಯಾಶ್‌ಬೋರ್ಡಿನಲ್ಲಿ ಮಿಣುಕಲು ಒಂದು ಕೆಂಪು ದೀಪ, ಎರಡು ರಿಮೋಟು.

'ಕಾಕಾರ, ನಿಮ್ಮ ಗಾಡಿಗಿ ಕಂಪನಿ ರಿಮೋಟ್ ಐತ್ರಿ. ಬಾಗಿಲ ಮೋಟಾರಿನ ವೈರಿಗೇ ಅಲಾರಾಂ ಕೂಡಿಸಿಬಿಡ್ತೀನಿ. ನೀವು ಕಂಪನಿ ರಿಮೋಟ್ ಒತ್ತಿದ್ರ ಅದೂ ಎಚ್ಚರ ಆಕ್ಕೈತಿ, ಅದೂ ಮಲಗತೈತಿ. ಒಂದರಾಗ ಎಲ್ಲಾ ಕೆಲಸ.'

'ಮತ್ತ ಈ ಡಬ್ಬಿಯಾಗಿನ ರಿಮೋಟ್?'

'ಅವು ಹಂಗ ಇರ್ತಾವ್ರಿ. ಬೇಕಾಗಂಗಿಲ್ಲ.'

'ಬೇಕಾಗಂಗಿಲ್ಲ ಅಂದ್ರ? ಎಣಿಸಿ ರೊಕ್ಕ ಕೊಟ್ಟೇನೋ ತಮ್ಮಾ. ಕಿಸೇದಾಗ ಏನರ ಇಟಗೊಂಡು ಊರಿಗಿ ಹೋಗಬೇಕಲ್ಲ?'

ಹುಡುಗ ಸುಮ್ಮನಾದ. ಬುದ್ಧಿ ಹೇಳುವುದಕ್ಕೆ ಅವನಿಗೆ ಬೇರೆ ಪಗಾರವಿಲ್ಲ. ಹೊಸ ಪೆಟ್ಟಿಗೆಯನ್ನು ಹಳೇ ವ್ಯವಸ್ಥೆಯ ಪಕ್ಕಕ್ಕೆ ಕೂರಿಸಿದ, ಆದರೆ ಒಂದರ ಮಾತು ಇನ್ನೊಂದಕ್ಕೆ ಕೇಳದಂತೆ ಕೂರಿಸಿದ. ಸೆನ್ಸರಿನ ಸಣ್ಣ ತಿರುಪನ್ನು ಎಷ್ಟಕ್ಕೆ ಇಡಲಿ ಅಂತ ಕೇಳಿದ. 'ಎಷ್ಟ ತಿರುಗತೈತಿ ಅಷ್ಟ ತಿರುವು' ಅಂದ ಕಾಕಾ. ಇದಿಷ್ಟರಲ್ಲಿ ಮುಂದಿನ ಪುರಾಣವೆಲ್ಲ ಅಡಗಿತ್ತು.

ಪುರಾಣದ ಮರ್ಮ ಇಷ್ಟು. ಅಲಾರಾಮಿನ ರಿಮೋಟಿನಿಂದ ಬಾಗಿಲು ಹಾಕಿ, ಕಂಪನಿ ರಿಮೋಟಿನಿಂದ ತೆಗೆದರೆ, ಬಾಗಿಲು ತೆರೆಯುತ್ತದೆ, ಆದರೆ ಅಲಾರಾಮಿಗೆ ಆ ಸುದ್ದಿ ಮುಟ್ಟಿರುವುದಿಲ್ಲ. ಬಾಗಿಲು ಅಲುಗಿದ ಕೂಡಲೇ ಮಾಲೀಕನನ್ನೇ ಕಳ್ಳನೆಂದು ತಿಳಿದು ಒದರುತ್ತದೆ. ಹೋಗಲಿ, ಅಲಾರಾಮಿನ ರಿಮೋಟಿನಿಂದಲೇ ತೆಗೆದರಾಯಿತಲ್ಲ ಅನ್ನುತ್ತೀರಿ. ತೆಗೆಯಬಹುದು. ತೆಗೆದ ಮೇಲೆ ಅರ್ಧ ನಿಮಿಷದೊಳಗೆ ಬಾಗಿಲು ಎಳೆಯದಿದ್ದರೆ ಅದು ತಾನಾಗಿ ಮತ್ತೆ ಕೀಲಿ ಹಾಕಿಕೊಂಡು ಕಾವಲಿಗೆ ಕೂರುತ್ತದೆ. ಇದನ್ನು ಕಟ್ಟಿದವರು ಯಾವ ದೇಶದವರೋ, ಹರ್ತಿಗೆ ಬಂದವರಲ್ಲ. ಗಾಡಿ ಹತ್ತುವ ಮುನ್ನ 'ಎಲ್ಲಿ ಹೊಂಟ್ರಿ?' ಅಂದವನಿಗೆ ಉತ್ತರ ಕೊಟ್ಟು, ಅವನ ಎತ್ತಿನ ಕಾಲುಬ್ಯಾನಿ ವಿಚಾರಿಸಿ, ಕಡಲೆ ಬಿತ್ತಿಗೆ ಆಯಿತೋ ಇಲ್ಲವೋ ಕೇಳಿ ಮುಗಿಸಲು ಅರ್ಧ ನಿಮಿಷ ಯಾವ ಮೂಲೆಗೆ? ಕಾಕಾ ಮಾತು ಮುಗಿಸಿ ಬಾಗಿಲಿಗೆ ಕೈ ಹಾಕುವಷ್ಟರಲ್ಲಿ ಗಾಡಿ ಮತ್ತೆ ಬಂದ್. ಅವಸರದಲ್ಲಿ ಕೈ ಹೋಗುವುದು ಬಲಗಿಸೆಗೇ. ಅಲ್ಲಿರುವುದು ಕಂಪನಿ ರಿಮೋಟು. ಟಕ್. ಬಾಗಿಲು ಎಳೆದ. ಕೀಂವ್, ಪೊಂಯ್, ಟಿರಿರಿರಿ, ಆರು ರಾಗ ಸರದಿಯಂತೆ.

ತಿರುಪು ಪೂರ್ತಿ ತಿರುವಿದ ಸೆನ್ಸರಿನ ಕಥೆ ಇನ್ನೊಂದು. ಗಾಡಿಗೆ ಪೆಟ್ಟು ಬಿದ್ದರೆ ಒಳಗಿನ ಸೂಕ್ಷ್ಮ ತುಣುಕು ನಡುಗಿ ಪೆಟ್ಟಿಗೆಗೆ ವರದಿ ಕೊಡುವುದು ಅದರ ಉದ್ಯೋಗ. ಕಾಕಾನದಕ್ಕೆ ಪೆಟ್ಟೇ ಬೇಕಾಗಿಲ್ಲ. ಕಪ್ಪತಗುಡ್ಡದ ಕಡೆಯ ಗಾಳಿ ಜೋರಾದರೆ ಅಲ್ಲಿ ಗಾಳಿಯಂತ್ರಗಳು ತಿರುಗುತ್ತವೆ, ಇಲ್ಲಿ ಕಾಕಾನ ಗಾಡಿ ಒದರುತ್ತದೆ. ಉಳ್ಳಾಗಡ್ಡಿ ಹೇರಿದ ಟ್ರ್ಯಾಕ್ಟರ್ ಹೋದರೆ ಒದರುತ್ತದೆ. ಬೆಕ್ಕು ಬಿಸಿ ಬಾನೆಟ್ಟಿನ ಮೇಲೆ ಮಲಗಿದರೆ ಒದರುತ್ತದೆ, ಬೆಕ್ಕು ಹೆದರಿ ಜಿಗಿದದ್ದಕ್ಕೆ ಇನ್ನೊಮ್ಮೆ ಒದರುತ್ತದೆ. ಶ್ರಾವಣದಲ್ಲಿ ಹರ್ತಿ ಬಸವಣ್ಣನ ಜಾತ್ರೆಗೆ ಸುತ್ತಲ ಹಳ್ಳಿಯ ಜನ ನೆರೆದಾಗ ಕರಡಿ ಮಜಲು ಒಂದು ಕಡೆ, ಡೊಳ್ಳು ಒಂದು ಕಡೆ, ಇವುಗಳ ನಡುವೆ ಕಾಕಾನ ಸ್ವಿಫ್ಟ್ ತಾನೂ ಒಂದು ಮೇಳವೆಂದು ತಿಳಿದು ಹಿಂದೆ ಬೀಳದೆ ಬಾರಿಸಿತು. ಪರವೂರಿನ ಭಕ್ತನೊಬ್ಬ ಅದರ ಮುಂದೆಯೂ ಒಂದು ಕಾಯಿ ಒಡೆದು ಹೋದ. ಆ ಸಪ್ಪಳಕ್ಕೆ ಅದು ಮತ್ತೆ ಶುರುವಾಯಿತು.

ಮೊದಲ ವಾರ ಜನ ಓಡಿಬಂದರು. ಎರಡನೇ ವಾರ ಕತ್ತು ಹೊರಳಿಸಿದರು. ಆಮೇಲೆ ಅದೂ ನಿಂತಿತು. ಖರೇನ ಕಳ್ಳನೊಬ್ಬ ಬಂದು ನಾಲ್ಕೂ ಗಾಲಿ ಬಿಚ್ಚಿಕೊಂಡು ಹೋದರೂ ಓಣಿಯವರು ಮಗ್ಗುಲು ಬದಲಿಸಿ ಮಲಗುತ್ತಾರೆ. ಎಲ್ಲರೂ ಅಲಕ್ಷ್ಯ ಮಾಡಲು ಕಲಿತ ಏಕೈಕ ಕಾವಲುಗಾರ ಅದು. ಇಷ್ಟಾದರೂ ಕಾಕಾನಿಗೆ ಬೇಸರವಿಲ್ಲ. ಅದು ಒದರಿದಾಗೊಮ್ಮೆ ಪಡಸಾಲೆಯಿಂದ ಎದ್ದು, ಕಟ್ಟೆಯ ಮೇಲೆ ನಿಂತು, ಎಡಗೈ ಚಾಚಿ ರಿಮೋಟ್ ಒತ್ತಿ, ಸುತ್ತ ಒಮ್ಮೆ ನೋಡಿ, 'ಯಾರೋ ಮುಟ್ಟ್ಯಾರ' ಅನ್ನುತ್ತಾನೆ. ಆ ಎರಡು ಮಾತಿನಲ್ಲಿ ಎಂಥ ಸಮಾಧಾನ! ಕಾಕಾ ಕಳ್ಳರಿಗೆ ಹೆದರಿದವನಲ್ಲವೆಂದೇ ನನ್ನ ತೀರ್ಪು. ತನ್ನ ಗಾಡಿಯನ್ನು ಯಾರೂ ಮುಟ್ಟುವುದಿಲ್ಲವಲ್ಲ ಅಂತ ಹೆದರಿದವನು.

ಲಕ್ಷ್ಮೇಶ್ವರದ ಮದುವೆಯ ಸಂಗತಿ ಬೇಗ ಹೇಳಿ ಮುಗಿಸುತ್ತೇನೆ, ಬೀಗರು ಓದುವ ಪೈಕಿ. ಅಕ್ಕಿಕಾಳು ಬೀಳುವ ಹೊತ್ತಿಗೆ ಗಾಡಿಯಲ್ಲಿ ಮರೆತ ಆಹೇರಿ ಸೀರೆ ತರಲು ಕಾಕಾ ಹೋದ. ಎಡಗಿಸೆಯ ರಿಮೋಟಿನ ಸೆಲ್ ಸತ್ತಿತ್ತು. ಅದು ಬೆರಳಿನ ತುದಿಯಷ್ಟಿರುವ 12 ವೋಲ್ಟಿನ ಸೆಲ್, ಗಡಿಯಾರದಂಗಡಿಯಲ್ಲೂ ಎಲ್ಲ ಕಾಲಕ್ಕೂ ಸಿಗುವಂಥದ್ದಲ್ಲ. ಬಲಗಿಸೆಯದು ಒತ್ತಿದ. ಭಟ್ಟರ ಮಂತ್ರ, ಬ್ಯಾಂಡಿನವರ ಬ್ಯಾಂಡು, ಎರಡನ್ನೂ ಮೀರಿ ಗಾಡಿ ಎದ್ದಿತು. ಹುಡುಗರು ಬಾನೆಟ್ ತೆಗೆದು ಬ್ಯಾಟರಿ ವೈರು ಕಿತ್ತರು. ಸೈರನ್ ನಿಲ್ಲಲಿಲ್ಲ. ಕಾಕಾ ಹೆಚ್ಚು ರೊಕ್ಕ ಕೊಟ್ಟು, ಒಳಗೇ ಸ್ವಂತ ಬ್ಯಾಟರಿ ಇರುವ ಸೈರನ್ ಹಾಕಿಸಿದ್ದ. ಕಳ್ಳ ವೈರು ಕಿತ್ತರೂ ಒದರುತ್ತಿರಲಿ ಎಂದು.

ನಿಜವಾದ ಪೆಟ್ಟು ಬಿದ್ದದ್ದು ಯುಗಾದಿಗೆ. ನಮ್ಮ ಕಡೆಯವರು ಶ್ರೀಶೈಲದ ಮಲ್ಲಯ್ಯನ ಕಡೆ ನಡೆದು ಹೋಗುತ್ತಾರಲ್ಲ, ಕಾಕಾನೂ ಹೋದ. ಗಾಡಿಗೆ ಎರಡೂ ರಿಮೋಟಿನಿಂದ ಬಂದೋಬಸ್ತು ಮಾಡಿ, ಎರಡನ್ನೂ ಜೋಳಿಗೆಗೆ ಹಾಕಿಕೊಂಡು, ದಾರಿಯುದ್ದಕ್ಕೂ 'ಮಲ್ಲಯ್ಯಾ, ಗಾಡಿ ಕಾಯೋ' ಅಂತ ನಡೆದ. ಇತ್ತ ಗಾಡಿ ನಿದ್ದೆಗೆಟ್ಟು ಎಚ್ಚರವಿತ್ತು. ಎಚ್ಚರವಿರುವುದಕ್ಕೂ ಕರೆಂಟು ಬೇಕು. ಅಲಾರಾಂ, ಕೆಂಪು ದೀಪ, ಎರಡು ರಿಮೋಟಿನ ಕರೆ ಕೇಳಲು ಕಿವಿಗೊಟ್ಟು ಕೂತ ಎರಡು ರಿಸೀವರ್, ಎಲ್ಲ ಸೇರಿ 50 ಮಿಲಿಆಂಪಿಯರ್ ಎಳೆದವೆಂದು ಹಿಡಿಯಿರಿ. ದಿನಕ್ಕೆ 1.2 ಆಂಪಿಯರ್-ಅವರ್ ಆಯಿತು. 35ರ ಹೊಸ ಬ್ಯಾಟರಿಯಾದರೂ ತಿಂಗಳಿಗೆ ತಳ ಕಾಣುತ್ತದೆ. ಕಾಕಾನ ಬ್ಯಾಟರಿ ಹಿಂದಿನ ಮಾಲೀಕನ ಕಾಲದ್ದು. ಕಾಕಾ ತಿರುಗಿ ಬಂದು ಗುಂಡಿ ಒತ್ತಿದರೆ ಟಕ್ ಇಲ್ಲ, ಕೀಂವ್ ಇಲ್ಲ, ಮಿಣಕ್ ಇಲ್ಲ.

ಕೀಲಿಕೈಯನ್ನು ಬಾಗಿಲ ತೂತಿಗೆ ಹಾಕಿ ತಿರುವಿದರೂ ತೆರೆಯುತ್ತದೆಂಬುದು ಚಿಗವ್ವನಿಗೆ ಹೊಳೆಯಿತು. ಆಮೇಲೆ ಓಣಿಯ ಹುಡುಗರನ್ನು ಕರೆದರು. 'ಗಾಡಿ ಮುಟ್ಟಿದ್ರ ಕಾಲ ಮುರೀತೀನಿ' ಅಂತ ವರ್ಷವಿಡೀ ಬೈಸಿಕೊಂಡ ಹುಡುಗರು.

'ಕಾಕಾ, ಮುಟ್ಟಬಹುದಾ?'

'ಮುಟ್ಟ್ರೋ.'

'ಸೈರನ್ ಹೊಡಿಯಂಗಿಲ್ಲಲ್ಲ?'

'ದಬ್ಬ್ರೋ ಸಾಕು!'

ದಬ್ಬಿದರು. ಬಗಲಲ್ಲಿದ್ದ ಮುದುಕರೂ ಬಂದು ಕೈ ಹಚ್ಚಿದರು, ಇಷ್ಟು ದಿನ ಮುಟ್ಟಬೇಕೆಂಬ ಆಸೆ ಅವರಿಗೂ ಇತ್ತು. ಬ್ಯಾಟರಿ ಪೂರ್ತಿ ಸತ್ತ ಗಾಡಿ ದಬ್ಬಿದರೆ ಏಳುವುದಿಲ್ಲ. ಕಡೆಗೆ ಎದುರುಮನೆಯವರ ಟ್ರ್ಯಾಕ್ಟರ್ ಬಂದು ಪಕ್ಕದಲ್ಲಿ ನಿಂತು, ಎರಡು ಕೇಬಲ್ಲಿನಿಂದ ಪ್ರಾಣ ತುಂಬಿತು. ಜೀವ ಬಂದ ಕೂಡಲೇ ಗಾಡಿ ಮೊದಲು ಮಾಡಿದ್ದು, ತನ್ನನ್ನು ಮುಟ್ಟಿದ ಅಷ್ಟೂ ಮಂದಿಯ ಮೇಲೆ ಒದರಿದ್ದು.

ಈಗ ಕಾಕಾ ಹೊಸ ಬ್ಯಾಟರಿ ಹಾಕಿಸಿದ್ದಾನೆ. ಫಿಟರ್ ಹುಡುಗ ಹೇಳಿದಂತೆ ಅಲಾರಾಮನ್ನು ಕಂಪನಿಯ ವೈರಿಗೇ ಕೂಡಿಸಿಕೊಂಡು ಬಂದಿದ್ದಾನೆ. ಒಂದೇ ರಿಮೋಟಿನಿಂದ ಎಲ್ಲ ಕೆಲಸ ಆಗುತ್ತದೆ. ಆದರೂ ಎಡಗಿಸೆ ಖಾಲಿಯಾಗಿಲ್ಲ. ಗಾಡಿ ಈಗೀಗ ಒದರುವುದಿಲ್ಲ. ಗಾಳಿ ಬಂದರೂ ಇಲ್ಲ, ಟ್ರ್ಯಾಕ್ಟರ್ ಹೋದರೂ ಇಲ್ಲ, ಬೆಕ್ಕು ಬಾನೆಟ್ಟಿನ ಮೇಲೆ ಮರಿ ಹಾಕಿದರೂ ಇಲ್ಲ. 'ಊರ ಮಂದಿ ಸುಧಾರಿಸ್ಯಾರ ನೋಡು. ಒಬ್ಬನೂ ಮುಟ್ಟಂಗಿಲ್ಲ' ಅಂತ ಕಾಕಾ ಚಹಾದಂಗಡಿಯಲ್ಲಿ ಹೇಳುತ್ತಾನೆ. ಎಲ್ಲರೂ ಹೌದು ಅನ್ನುತ್ತಾರೆ.

ಸಂಗತಿ ಏನೆಂದರೆ, ಶಾಕ್ ಸೆನ್ಸರ್ ಇರುವುದು ಸ್ಟೀರಿಂಗಿನ ಕೆಳಗೆ, ಬೆಂಕಿಪೆಟ್ಟಿಗೆಯಷ್ಟು ಕರೀ ಡಬ್ಬಿ. ಅದರ ತಿರುಪನ್ನು ಎಡಕ್ಕೆ ಕಡೆತನಕ ತಿರುವಿದರೆ ಅದು ಕಿವುಡಾಗುತ್ತದೆ. ಚಿಗವ್ವನ ಹೊಲಿಗೆ ಮಷೀನಿನ ಸಣ್ಣ ಸ್ಕ್ರೂ ಡ್ರೈವರ್ ಅದಕ್ಕೆ ಸರಿಯಾಗಿ ಕೂರುತ್ತದೆ. ಓದಿದವರು ದಯವಿಟ್ಟು ಕಾಕಾನ ಮುಂದೆ ಬಾಯಿ ಬಿಡಬೇಡಿ.