ಮೂತಿಯಿಲ್ಲದ ಹರಿಗೋಲು

ಇಂಗ್ಲೆಂಡಿನ ಕಾಲುವೆಗಳಲ್ಲಿ ಕಲ್ಲಿದ್ದಲು ಹೊತ್ತ ಹಳೇ ದೋಣಿಗಳಲ್ಲಿ ಯಾವುದರ ಮೂತಿ ಚೆಂದ ಎಂದು ಅಲ್ಲಿನ ದೋಣಿಪ್ರಿಯರು ಇಂದಿಗೂ ಹಟಕ್ಕೆ ಬಿದ್ದು ವಾದಿಸುತ್ತಾರೆ. ದೋಣಿಯನ್ನು ಏರಿಸಿ ಇಳಿಸುವ ಕಟ್ಟೆಬಾಗಿಲುಗಳಾದ ಲಾಕುಗಳು ಇಕ್ಕಟ್ಟು, ಹಾಗಾಗಿ ದೋಣಿ ಸುಮಾರು 70 ಅಡಿ ಉದ್ದ, ಬರೀ 7 ಅಡಿ ಅಗಲ. ಹೊಟ್ಟೆಯ ಆಕಾರ ಬದಲಿಸುವಂತಿಲ್ಲ, ಕಣ್ಣೆಲ್ಲ ಮೂತಿಯ ಮೇಲೇ. ಫೆಲೋಸ್, ಮಾರ್ಟನ್ ಅಂಡ್ ಕ್ಲೇಟನ್ ಕಂಪನಿಯ ‘ಜೋಷರ್’ ದೋಣಿಯ ಬಾಗು ಕಂಡರೆ, ಮದುವೆ ಗಂಡಿನ ಮೂಗು ಕಂಡ ಬೀಗರಂತೆ ಕರಗುತ್ತಾರೆ.

ಹಾನಗಲ್ಲ, ಸವಣೂರ ಸೀಮೆಯ ವರದಾ ದಂಡೆಯವರಿಗೆ ಆ ತಾಪತ್ರಯವಿಲ್ಲ. ಅವರ ಹರಿಗೋಲಿಗೆ ಮುಂದೂ ಇಲ್ಲ, ಹಿಂದೂ ಇಲ್ಲ. ಬಿದಿರು ಹೆಣೆದು ಹೊರಗೆ ತೊಗಲು ಹೊದಿಸಿದರೆ ಮುಗಿಯಿತು. ಈಗೀಗ ತೊಗಲಿನ ಜಾಗಕ್ಕೆ ಪ್ಲಾಸ್ಟಿಕ್ ಹಾಳೆ, ಡಾಂಬರು. 1520ರ ಸುಮಾರಿಗೆ ವಿಜಯನಗರಕ್ಕೆ ಬಂದಿದ್ದ ಪೋರ್ಚುಗೀಸ್ ಪ್ರವಾಸಿ ಡೊಮಿಂಗೊ ಪಯಸ್, ಇಂಥ ಬುಟ್ಟಿಯಲ್ಲಿ ಕುದುರೆ, ಎತ್ತುಗಳೂ ಹೊಳೆ ದಾಟಬಲ್ಲವೆಂದು ಬರೆದಿಟ್ಟಿದ್ದಾನೆ. ಆ ಕುದುರೆಗಳ ಎದೆಗಾರಿಕೆ ನನಗಿಲ್ಲ. ನಡುನೀರಲ್ಲಿ ಹರಿಗೋಲು ಗರಗರ ತಿರುಗುತ್ತದೆ. ಅಂಬಿಗನನ್ನು ಕೇಳಿದೆ:

“ಯಜಮಾನ್ರ, ಇದರ ಮುಂದಿನ ಬಾಜೂ ಯಾವ್ದ್ರೀ?”

“ನೀವ್ ಇಳಿಯೂ ಬಾಜೂನ ಮುಂದಿಂದ್ರೀ!”

ಹಾಗೆಂದು ಬಾಗು ನೋಡುವ ಚಟ ನಮಗಿಲ್ಲವೆಂದಲ್ಲ. ಶಿಗ್ಗಾವಿ, ಹಿರೇಕೆರೂರ ಕಡೆ ಎತ್ತಿನ ಕೋಡಿನ ಮಾತು ತೆಗೆದು ನೋಡಿ, ಊಟದ ಹೊತ್ತೂ ಮೀರುತ್ತದೆ.