ಒಂದು ಮಿಲಿಮೀಟರ್

(ಕಾಕ್ಕನಾಡಿನ ಇನ್ಫೋಪಾರ್ಕ್ ಬಳಿ ಒಂದು ಚಹಾದಂಗಡಿ. ತುಲಾಮಾಸದ ಜಡಿಮಳೆ. ಕಾಸರಗೋಡು ಕಡೆಯ ಇಬ್ಬರು ಭಾವಂದಿರು.)

"ಸ್ಪ್ಲೆಂಡರ್ ಪ್ಲಸ್ಸೋ, ಎಚ್‌ಎಫ್ ಡಿಲಕ್ಸೋ? ಒಂದು ಮಾತು ಹೇಳು ಭಾವಾ."

"ಎಂಜಿನ್?"

"ಎರಡರದ್ದೂ 97.2 ಸಿಸಿ."

"ಕಂಪನಿ?"

"ಎರಡೂ ಹೀರೋ."

"ಬಣ್ಣ?"

"ಕಪ್ಪು. ಎರಡೂ."

"ಮತ್ತೆ ವ್ಯತ್ಯಾಸ ಎಂತದ್ದು ಮಾರಾಯಾ?"

"ಚಕ್ರದಿಂದ ಚಕ್ರಕ್ಕೆ ಒಂದರದ್ದು 1236 ಮಿಲಿಮೀಟರ್, ಇನ್ನೊಂದರದ್ದು 1235. ಎಕ್ಸೆಲ್ ಶೀಟ್ ಮಾಡಿದ್ದೇನೆ, 32 ಸಾಲು."

"ನನ್ನ ತಂಗಿಯನ್ನು ನೋಡಲು ಬಂದಾಗ ಒಂದು ಸಾಲೂ ಬರೆಯಲಿಲ್ಲ. ಉಪ್ಪಿಟ್ಟು ಮುಗಿಯುವ ಮೊದಲೇ ಒಪ್ಪಿಬಿಟ್ಟೆ!"

"ಆಗ ನನ್ನ ಮುಂದೆ ಇದ್ದದ್ದು ಒಂದೇ ಮಾಡೆಲ್ ಭಾವಾ."

(ಇದನ್ನು ತಂಗಿಗೆ ಹೇಳಬೇಕೋ ಬೇಡವೋ ಎಂದು ಭಾವ ಚಹಾ ಆರುವವರೆಗೆ ಯೋಚಿಸುತ್ತಾನೆ.)

"ಹುಡುಕಲು ತೊಡಗಿದ್ದು ಯಾವಾಗ?"

"ವಿಷುವಿಗೆ. ಓಣಂ ಆಫರ್ ನೋಡೋಣ ಅಂತ ನಿಲ್ಲಿಸಿದೆ. ಈಗ ದೀಪಾವಳಿಗೆ ಕಾಯುತ್ತಿದ್ದೇನೆ."

"ಅಲ್ಲಿಯವರೆಗೆ ಆಫೀಸಿಗೆ?"

"ವೈಟಿಲದಿಂದ ವಾಟರ್ ಮೆಟ್ರೋ. 2023ರಿಂದ ಇದೆಯಲ್ಲ. ಎಸಿ ಬೋಟು, ಟ್ರಾಫಿಕ್ ಇಲ್ಲ, ಮಳೆ ತಾಗುವುದಿಲ್ಲ. ಇಳಿದ ಮೇಲೆ ಆಟೋ."

"ಹಾಗಾದರೆ ಬೈಕ್ ಯಾಕೆ?"

"ಎಕ್ಸೆಲ್ ಶೀಟ್ ಮಾಡಿ ಆಗಿದೆಯಲ್ಲ!"